ಎರಡು ಮಸಾಲೆ, ಒಂದು ಸಾದಾ ಮತ್ತು ತಾಳೆಗರಿ

ಹೋದ ತಿಂಗಳ ಎರಡನೇ ಭಾನುವಾರ ಮಧ್ಯಾಹ್ನ ನನ್ನ ಸೋದರಮಾವನನ್ನು ಕಿಡಿಗೇಡಿ ಎಂದು ಘೋಷಿಸಲಾಯಿತು.

(ಡೈರಿಯಲ್ಲಿ ಕೆಂಪು ಇಂಕಿನಲ್ಲಿದೆ. ಕೆಂಪು ಇಂಕನ್ನು ನಾನು ಪರೀಕ್ಷೆಯ ಫಲಿತಾಂಶಕ್ಕೆ ಮತ್ತು ಗ್ಯಾಸ್ ಸಿಲಿಂಡರ್ ಬಂದ ದಿನಕ್ಕೆ ಮಾತ್ರ ಬಳಸುವುದು.)

ಮಾವ ಕುಂದಾಪುರದ ಕಡೆಯವರು. ನಾಸಿಕ್‌ನಲ್ಲಿ ಅವರದೊಂದು ಹೋಟೆಲ್. ಚಟ್ನಿ ನೀರಾಯಿತು ಅಂತ ಗಿರಾಕಿಗಳಿಂದ ಬೈಸಿಕೊಂಡದ್ದುಂಟು. ಆದರೆ ಕಿಡಿಗೇಡಿ? ಅದೂ ಇಂಟರ್‌ನೆಟ್‌ನಲ್ಲಿ, ಇಡೀ ಪ್ರಪಂಚಕ್ಕೆ ಕಾಣುವಂತೆ?

ಎಲ್ಲ ಶುರುವಾದದ್ದು ನನ್ನಿಂದ. ಯಾರು ಬೇಕಾದರೂ ಬರೆದು, ಯಾರು ಬೇಕಾದರೂ ತಿದ್ದಬಹುದಾದ ಆನ್‌ಲೈನ್ ವಿಶ್ವಕೋಶ ನಿಮಗೆ ಗೊತ್ತಲ್ಲ? ಅದರಲ್ಲಿ ಜಗತ್ತಿನ ಹಳೆಯ ದಾಖಲೆಗಳ ಬಗ್ಗೆ ಕನ್ನಡದಲ್ಲಿ ಏನೇನೂ ಇಲ್ಲ. ಹಸ್ತಪ್ರತಿಗಳು, ನಾವಿಕರ ನಕ್ಷೆಗಳು, ಕೈಯಲ್ಲಿ ಬರೆದ ಸಂಗೀತದ ಹಾಳೆಗಳು. ಹುಡುಕಿದರೆ ಬರೀ ಖಾಲಿ ಪುಟ. ಹಾಗಾಗಿ ಮಹಾರಾಷ್ಟ್ರದಲ್ಲಿರುವ ನಾವು ಕೆಲವು ಕನ್ನಡದವರು ಎರಡು ತಂಡ ಕಟ್ಟಿಕೊಂಡೆವು. ನಾಸಿಕ್‌ನವರು ಬರೆಯುವುದು, ಸಂಭಾಜಿನಗರದವರು ಪರಿಶೀಲಿಸುವುದು. ಆಮೇಲೆ ಅದಲು ಬದಲು. ಸಂಬಳವಿಲ್ಲ, ಸರ್ಟಿಫಿಕೇಟ್ ಇಲ್ಲ. ಉತ್ಸಾಹ ಮಾತ್ರ ಭಯಂಕರ!

ನಮ್ಮ ತಂಡದ ಲೆಕ್ಕ ಹೀಗಿತ್ತು. ಸದಸ್ಯರು ಒಂಬತ್ತು. ಕನ್ನಡ ಅರ್ಥವಾಗುವವರು ಒಂಬತ್ತು. ಒಂದು ಪೂರ್ತಿ ವಾಕ್ಯವನ್ನು ಕನ್ನಡದಲ್ಲಿ ಬರೆಯಬಲ್ಲವರು ಒಂದೂವರೆ. ಮಾವ ಒಂದು, ನಾನು ಅರ್ಧ. ಉಳಿದವರೆಲ್ಲ ಇಲ್ಲೇ ಹುಟ್ಟಿ ಮರಾಠಿಯಲ್ಲಿ ಕನಸು ಕಾಣುವವರು. (ಹಾಗಾದರೆ ಈ ಅಂಕಣ? ಮಾವ ತಿದ್ದಿ ಕೊಡುತ್ತಾರೆ. ಇಷ್ಟು ದಿನ ನಿಮಗೆ ಹೇಳಿರಲಿಲ್ಲ, ಅಷ್ಟೆ.)

ಅಂದರೆ ಮಾವ ಇಲ್ಲದಿದ್ದರೆ ನಮ್ಮ ತಂಡವೇ ಇಲ್ಲ.

ಅವರಿಗೋ ಟೈಪ್ ಮಾಡಲು ಬಾರದು. ನಾನೇ ಮೊಬೈಲ್‌ನಲ್ಲಿ ಧ್ವನಿ ಟೈಪಿಂಗ್ ಹಾಕಿಕೊಟ್ಟೆ. ನೀವು ಹೇಳುತ್ತಾ ಹೋಗಿ, ಅದು ಬರೆಯುತ್ತಾ ಹೋಗುತ್ತದೆ. ಮಾವನಿಗೆ ಸ್ವರ್ಗವೇ ಸಿಕ್ಕಿತು. ಆ ಭಾನುವಾರ ಗಲ್ಲಾದಲ್ಲಿ ಕೂತು, ಪುಸ್ತಕಗಳನ್ನು ತೆರೆದಿಟ್ಟುಕೊಂಡು, ಒಂದೇ ಬೆಳಿಗ್ಗೆ ಮೂರು ಲೇಖನ ಹೇಳಿ ಮುಗಿಸಿ, ಪ್ರಕಟಿಸಿಯೂ ಬಿಟ್ಟರು.

ಭಾನುವಾರ ಬೆಳಿಗ್ಗೆ. ಹೋಟೆಲ್‌ನಲ್ಲಿ. ತಿಂಡಿಯ ಹೊತ್ತಿಗೆ.

ನಮ್ಮ ಹೋಟೆಲ್‌ನಲ್ಲಿ ಗಿರಾಕಿ ಮರಾಠಿಯಲ್ಲಿ ಆರ್ಡರ್ ಕೊಡುತ್ತಾನೆ. ಅಡುಗೆಯ ಭಟ್ಟರು ಕುಂದಾಪುರದವರು, ಆದ್ದರಿಂದ ಅಡುಗೆಮನೆಯ ಕಿಟಕಿಗೆ ಆರ್ಡರ್ ಹೋಗುವುದು ಮಾತ್ರ ಕನ್ನಡದಲ್ಲೇ, ಗಂಟಲು ಹರಿಯುವಂತೆ. ಆ ಕಿಟಕಿ ಗಲ್ಲಾದ ಪಕ್ಕದಲ್ಲೇ ಇದೆ. ಮೊಬೈಲ್‌ಗೆ ಮಾವನ ಕನ್ನಡ ಯಾವುದು, ಸಪ್ಲೈಯರ್‌ನ ಕನ್ನಡ ಯಾವುದು ಎಂಬ ಭೇದಭಾವ ಉಂಟೇ?

ತಾಳೆಗರಿ ಹಸ್ತಪ್ರತಿಯ ಲೇಖನದಲ್ಲಿ ಹೀಗಿತ್ತು: ‘ಗರಿಗಳನ್ನು ಮೊದಲು ನೀರಿನಲ್ಲಿ ಕುದಿಸಿ, ನೆರಳಿನಲ್ಲಿ ಒಣಗಿಸಿ, ಎರಡು ಮಸಾಲೆ ಒಂದು ಸಾದಾ, ಕಬ್ಬಿಣದ ಕಂಟದಿಂದ ಅಕ್ಷರ ಕೊರೆದು, ಸಾಂಬಾರ್ ಬೇರೆ, ಅದರ ಮೇಲೆ ಮಸಿ ಹಚ್ಚಲಾಗುತ್ತದೆ.’

ನಾವಿಕರ ನಕ್ಷೆಯ ಲೇಖನದಲ್ಲಿ ಹಡಗು ‘ಟೇಬಲ್ ನಾಲ್ಕಕ್ಕೆ ನೀರು’ ದಾಟಿ ಮುಂದೆ ಹೋಗಿತ್ತು. ಸಂಗೀತದ ಹಾಳೆಯ ಲೇಖನದಲ್ಲಿ ಸಕ್ಕರೆ ಕಮ್ಮಿ ಇತ್ತು.

ಮಧ್ಯಾಹ್ನದೊಳಗೆ ಮೂರಕ್ಕೂ ಪಟ್ಟಿ ಬಿತ್ತು: ‘ಕಿಡಿಗೇಡಿತನ. ಅಳಿಸಬಹುದು.’ ಮಾವನ ಖಾತೆಗೆ ಬೀಗ. ಹಾಕಿಸಿದವರು ಸಂಭಾಜಿನಗರದ ಪರಿಶೀಲಕಿ ಮಹಾದೇವಿಯವರು. ಊರು ಬೀದರ್, ಕೆಲಸ ಯಾವುದೋ ಆಫೀಸಿನಲ್ಲಿ. ಅಷ್ಟೇ ಗೊತ್ತಿದ್ದದ್ದು.

“ಮಾವ, ಪ್ರಕಟಿಸುವ ಮುಂಚೆ ಒಂದು ಸಲ ಓದಬಾರದಿತ್ತಾ?”

“ಎಂತ ಓದುದು ಮಾರಾಯ್ತಿ, ಸಟಾಣಾದಿಂದ ಹನ್ನೆರಡು ಜನ ಒಟ್ಟಿಗೇ ಬಂದು ಕೂತಿದ್ರು. ಪುಸ್ತಕದ ದಪ್ಪ ಅಕ್ಷರ ಹೇಗೋ ಕಾಣ್ತದೆ, ಮೊಬೈಲಿನದಕ್ಕೆ ಕನ್ನಡಕ ಬೇಕು, ಅದು ಮಾಳಿಗೆ ಮೇಲೆ.” ಮೊಬೈಲನ್ನು ಗಲ್ಲಾದ ಡ್ರಾಯರಿನೊಳಗೆ ತಳ್ಳಿ, “ನಾನಿನ್ನು ಅದನ್ನು ಮುಟ್ಟುದಿಲ್ಲ. ಕಿಡಿಗೇಡಿ ಅಂತೆ. ನನ್ನ ಅಪ್ಪ ಕೂಡ ಹಾಗೆ ಬೈದವರಲ್ಲ” ಎಂದರು.

ಒಂದು ಇಡೀ ವಾರ ಮುಟ್ಟಲಿಲ್ಲ. ನಮ್ಮ ತಂಡ ಆ ವಾರ ಬರೆದ ಲೇಖನಗಳು: ಸೊನ್ನೆ. ನಾನು ಬರೆದ ಅರ್ಧ ವಾಕ್ಯವನ್ನು ಲೆಕ್ಕಕ್ಕೆ ಹಿಡಿದಿಲ್ಲ.

ಮುಂದಿನ ಭಾನುವಾರ ಸಂಭಾಜಿನಗರದಲ್ಲಿ ಎರಡೂ ತಂಡಗಳ ಭೇಟಿ. ಮಾವ ಬರುವುದಿಲ್ಲ ಎಂದರು. ‘ಕ್ಷಮೆ ಕೇಳಲು ಬೇಡ ಮಾವ, ಜಗಳ ಮಾಡಲು ಬನ್ನಿ’ ಅಂದೆ. ಕೂಡಲೇ ಇಸ್ತ್ರಿ ಶರ್ಟು ಹುಡುಕತೊಡಗಿದರು! ಬಸ್ಸಿನಲ್ಲಿ ದಾರಿಯುದ್ದಕ್ಕೂ ಜಗಳದ ರಿಹರ್ಸಲ್.

ಮಹಾದೇವಿಯವರು ಬಾಗಿಲಲ್ಲೇ ನಿಂತಿದ್ದರು. ಮಾವನನ್ನು ನೋಡಿದವರೇ, “ಬರ್ರಿ ಅಣ್ಣಾ, ಎರಡು ಮಸಾಲಿ ನೀವಾ?” ಎಂದರು.

ರಿಹರ್ಸಲ್ ಪೂರಾ ವೇಸ್ಟ್. ಮಾವ ಚಪ್ಪಲಿ ಬಿಡುವ ನೆಪದಲ್ಲಿ ಬಗ್ಗಿದರು. ನಾನೇ ಹೋಟೆಲ್, ಕಿಟಕಿ, ಧ್ವನಿ ಟೈಪಿಂಗ್ ಎಲ್ಲ ವಿವರಿಸಿದೆ. ಮಹಾದೇವಿಯವರು ತಲೆಯ ಮೇಲೆ ಕೈ ಇಟ್ಟುಕೊಂಡರು.

“ಅಯ್ಯ ಶಿವನ! ನಾ ಒಂದು ತಾಸು ಹುಡುಕೀನ್ರಿ ಆವತ್ತ. ತಾಳೆಗರಿಗೆ ಅರಿಶಿಣ ಹಚ್ತಾರ, ಎಣ್ಣಿ ಹಚ್ತಾರ, ಎಲ್ಲಾ ಸಿಕ್ತು. ಮಸಾಲಿ ಯಾವ ಪುಸ್ತಕದಾಗೂ ಸಿಗಲಿಲ್ಲ. ಇರ್ಲಿ, ನಿಮ್ಮ ಕಡೆ ಹಚ್ತಿರಬೇಕು ಅಂತ ಮೊದಲು ‘ಮೂಲ ಬೇಕು’, ಯಾವ ಪುಸ್ತಕದಾಗ ಅದ ಹೇಳ್ರಿ ಅಂತ ಹಾಕಿ ಬಿಟ್ಟಿದ್ದೆ. ಸಾಂಬಾರ್ ಬಂದ ಮ್ಯಾಲ ಡೌಟ್ ಬಂತು ನೋಡ್ರಿ!”

ಒಂದು ತಾಸು! ಗುರುತಿಲ್ಲದ ಒಬ್ಬರ ಒಂದು ವಾಕ್ಯಕ್ಕೆ, ಭಾನುವಾರದ ಒಂದು ತಾಸು. ನಮ್ಮ ನೆಂಟರು ಹೊಸ ಮನೆಯ ಫೋಟೋಗೂ ಅಷ್ಟು ಹೊತ್ತು ಕೊಡುವುದಿಲ್ಲ. ಒಂದು ಹೆಬ್ಬೆಟ್ಟು ಒತ್ತಿ ಮುಂದೆ ಹೋಗುತ್ತಾರೆ. ಹೌದೋ ಅಲ್ಲವೋ?

ಅಷ್ಟರಲ್ಲಿ ಮಾವನಿಗೆ ರಿಹರ್ಸಲ್ ನೆನಪಾಗಿತ್ತು.

“ಅಲ್ಲ ಅಕ್ಕ, ಒಂದು ಕೇಳ್ತೇನೆ. ಆ ತಾಳೆಗರಿ ಬರೆದವರು ಬೆನ್ನು ನೋಯ್ತದೆ, ಕಣ್ಣು ಮಂಜಾಯ್ತು ಅಂತೆಲ್ಲ ಗ್ರಂಥದಲ್ಲೇ ಬರೆದಿದ್ದಾರೆ. ಓದಿದ್ದೇನೆ ನಾನು. ಅವರು ಬೆನ್ನುನೋವು ಬರೆದ್ರೆ ಪರಂಪರೆ, ನಾನು ದೋಸೆ ಬರೆದ್ರೆ ಕಿಡಿಗೇಡಿತನವಾ?”

ಕೋಣೆಯಲ್ಲಿ ಎಲ್ಲರೂ ಮಹಾದೇವಿಯವರ ಮುಖ ನೋಡಿದೆವು.

“ಅವರು ಗ್ರಂಥದ ಕಡೀಗೆ ಬರದಾರ್ರಿ ಅಣ್ಣಾ,” ಎಂದರು ಅವರು, ತಣ್ಣಗೆ. “ನಡುವ ಅಲ್ಲ.”

ಮಾವ ಎರಡು ಕ್ಷಣ ಯೋಚಿಸಿದರು. ಆಮೇಲೆ ನಕ್ಕರು ನೋಡಿ, ಗಲ್ಲಾದಲ್ಲಿ ಕೂತು ಒಮ್ಮೆಯೂ ಹಾಗೆ ನಕ್ಕವರಲ್ಲ. “ಅದು ಸರಿ. ಅದು ನೀವು ಹೇಳಿದ್ದು ಸರಿ.” ಎಲ್ಲರೂ ನಗತೊಡಗಿದೆವು. ಮಹಾದೇವಿಯವರು ಅಲ್ಲೇ ಕೂತು, ತಪ್ಪು ತಿಳಿವಳಿಕೆ ಎಂದು ವಿಶ್ವಕೋಶದ ನಿರ್ವಾಹಕರಿಗೆ ಬರೆದು ಕಳಿಸಿದರು. ಸಂಜೆಯೊಳಗೆ ಬೀಗ ತೆರೆಯಿತು. ದೋಸೆ ತೆಗೆದ ಮೇಲೆ ಮೂರು ಲೇಖನಗಳೂ ಬರೋಬರ್ ಇದ್ದವು, ಒಂದು ವಾಕ್ಯವನ್ನೂ ತಿದ್ದಬೇಕಾಗಲಿಲ್ಲ.

ತೆಗೆದ ದೋಸೆ ಎಲ್ಲಿ ಹೋಯಿತು ಅಂತೀರಾ? ಎಲ್ಲಿಗೂ ಹೋಗಿಲ್ಲ. ಪ್ರತಿ ಲೇಖನದ ಹಿಂದೆ ‘ಇತಿಹಾಸ’ ಎಂಬ ಪುಟವಿದೆ. ಯಾರು ಯಾವಾಗ ಏನು ಬರೆದರು, ಏನು ಅಳಿಸಿದರು, ಎಲ್ಲ ಅಲ್ಲಿ ಭದ್ರ. (ನನ್ನಂಥವಳಿಗೆ ಇದಕ್ಕಿಂತ ಚಂದದ ಪುಟ ಇನ್ನೊಂದಿಲ್ಲ.) ಆ ಸಾದಾ ದೋಸೆಯೂ ಈಗ ಜಗತ್ತಿನ ಒಂದು ದಾಖಲೆ.

ಮಾವ ಮತ್ತೆ ಬರೆಯುತ್ತಿದ್ದಾರೆ. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ, ಸ್ಟೋರ್ ರೂಮಿನ ಬಾಗಿಲು ಹಾಕಿಕೊಂಡು, ಅಕ್ಕಿ ಮೂಟೆಯ ಮೇಲೆ ಕೂತು, ಕನ್ನಡಕ ಹಾಕಿಕೊಂಡು. ಈವರೆಗೆ ಹೊಸ ಲೇಖನ ಎಂಟು, ಅವುಗಳಲ್ಲಿ ದೋಸೆ ಸೊನ್ನೆ.

ಎಂಟನೆಯದು ಮೊನ್ನೆ ಮುಗಿಯಿತು. ಅದರ ಚರ್ಚೆಯ ಪುಟದಲ್ಲಿ, ಎಲ್ಲಕ್ಕಿಂತ ಕಡೆಗೆ, ಮಾವ ಬರೆದಿದ್ದರು: ‘ಬೆನ್ನು ನೋಯುತ್ತಿದೆ.’

ಐದೇ ನಿಮಿಷದಲ್ಲಿ ಸಂಭಾಜಿನಗರದಿಂದ ಉತ್ತರ ಬಂತು: ‘ಮೂಲ ಬೇಕು.’