ಹದಿನೇಳು ಕಡ್ಡಿಗಳ ಲೆಕ್ಕ

ಹೋಳಿ ಮುಗಿದ ಮೂರನೆಯ ದಿನ, ಸೋಮವಾರ ಮಧ್ಯಾಹ್ನ, ಫೋರ್ಟ್ ಪೇಟೆಯ ಫುಟ್‌ಪಾತಿನಲ್ಲಿ ನಿಂತು ನಾನು ವಡಾಪಾವನ್ನು ಎರಡು ಅಂಗೈಗಳ ನಡುವೆ ಇಟ್ಟು ಒತ್ತಿದೆ. ಚಪ್ಪಟೆಯಾಯಿತು. ಆದರೂ ಬಾಯಿಗೆ ಹೋಗಲಿಲ್ಲ. ಇನ್ನೊಮ್ಮೆ ಒತ್ತಿದಾಗ ವಡೆ ಒಡೆದು ಕಾಗದದೊಳಗೆ ಬಿತ್ತು. ಕೊನೆಗೆ ಬೆರಳಿನಿಂದ ಚೂರು ಚೂರು ತೆಗೆದು ತಿಂದೆ. ಆ ಸಂಜೆ ಡೈರಿಯಲ್ಲಿ ಬರೆದದ್ದು ಇಷ್ಟೇ: "ಬಾಯಿ ಪೂರ್ತಿ ತೆರೆಯುತ್ತಿಲ್ಲ. ಎಂದಿನಿಂದ?"

ಎಂದಿನಿಂದ ಎಂಬುದು ನನಗೆ ಗೊತ್ತಿರಬೇಕಿತ್ತು. ಹದಿನಾರನೆಯ ವಯಸ್ಸಿನಿಂದ ಡೈರಿ ಬರೆಯುತ್ತಿದ್ದೇನೆ. ಎಷ್ಟು ಹೊತ್ತಿಗೆ ಎದ್ದೆ, ಕುರ್ಲಾ ಸ್ಟೇಷನ್ನಿನಲ್ಲಿ ಯಾವ ಲೋಕಲ್ ಸಿಕ್ಕಿತು, ಕೆಲಸ ಮಾಡುವ ಕಾಗದದ ಗೋದಾಮಿಗೆ ಎಷ್ಟು ರೀಮ್ ಬಂತು, ಎಷ್ಟು ಹೋಯಿತು, ಎಲ್ಲವೂ ಅದರಲ್ಲಿ ಇದೆ. ದಿನಕ್ಕೆ ಎಷ್ಟು ಸುಪಾರಿ ಪುಡಿಕೆ ಹರಿದು ಬಾಯಿಗೆ ಸುರಿದುಕೊಂಡೆ ಎಂಬುದು ಮಾತ್ರ ಎಲ್ಲೂ ಇಲ್ಲ. ಡೈರಿಗಿಂತ ಒಂದು ವರ್ಷ ಮೊದಲೇ ನಮ್ಮ ಮನೆಯಿರುವ ಚಾಳಿನ ಮೆಟ್ಟಿಲಿನ ಕೆಳಗೆ ಶುರುವಾದ ಚಟ ಅದು. ಹನ್ನೊಂದು ವರ್ಷಗಳಲ್ಲಿ ನಾನು ಬರೆಯದೆ ಬಿಟ್ಟದ್ದು ಅದೊಂದನ್ನೇ.

ಹಲ್ಲಿನ ಆಸ್ಪತ್ರೆಯ ಡಾಕ್ಟರ್ ಮಂಗಳೂರಿನ ಕಡೆಯವರು. ನನ್ನ ಹಿಂದಿಯಲ್ಲಿ ವಿಜಾಪುರದ ಎಳೆ ಕೇಳಿಸಿತೋ ಏನೋ, ಎರಡನೆಯ ಮಾತಿಗೇ ಕನ್ನಡಕ್ಕೆ ಇಳಿದರು. ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ನಡುವೆ ಒಂದು ಸಣ್ಣ ಉಕ್ಕಿನ ಸ್ಕೇಲ್ ಇಟ್ಟು ನೋಡಿದರು.

"ಇಪ್ಪತ್ತನಾಲ್ಕು ಮಿಲಿಮೀಟರ್. ನಿಮ್ಮ ವಯಸ್ಸಿಗೆ ನಲವತ್ತು ಇರಬೇಕಿತ್ತು ಮಾರಾಯ್ರೆ. ಕೆನ್ನೆ ಒಳಗೆ ಬೆರಳು ಹಾಕಿ ನೋಡಿ, ಹಗ್ಗದ ಹಾಗೆ ಸಿಗ್ತದಲ್ಲ? ಅದು ಅಡಿಕೆ ಮಾಡಿದ್ದು."

"ಔಷಧಿ ತಗೊಂಡ್ರ ಹೋಗ್ತದೇನ್ರಿ?"

"ಔಷಧಿ, ಇಂಜೆಕ್ಷನ್ ಎಲ್ಲ ಕೊಡುವ. ಆದರೆ ಅಡಿಕೆ ಬಿಡಬೇಕು, ಪೂರ್ತಿ. ಮತ್ತೆ ಇದು." ಅವರು ಡ್ರಾಯರಿನಿಂದ ಐಸ್‌ಕ್ರೀಮಿನ ಕಡ್ಡಿಗಳ ಒಂದು ಕಟ್ಟು ತೆಗೆದರು. ಒಂದರ ಮೇಲೊಂದು ಜೋಡಿಸಿ ನನ್ನ ಹಲ್ಲುಗಳ ನಡುವೆ ತೂರಿಸಿದರು. ಹನ್ನೆರಡು ಹಿಡಿದವು. "ದಿನಕ್ಕೆ ಐದು ಸಲ. ಒಂದು ನಿಮಿಷ ಹೀಗೆ ಹಿಡಿಯಿರಿ. ಸಾಧ್ಯವಾದಾಗ ನಡುವೆ ಇನ್ನೊಂದು ಕಡ್ಡಿ ತಳ್ಳಿ. ನೋಯ್ತದೆ, ನೋಯಲಿ. ಮೂರು ತಿಂಗಳಿಗೆ ಮೂವತ್ತು ಆಗಬೇಕು. ಆಗದಿದ್ದರೆ ಕೊಯ್ಯಲೇಬೇಕು. ಹೀಗೇ ಬಿಟ್ಟರೆ ಒಂದು ದಿನ ಚಮಚವೂ ಒಳಗೆ ಹೋಗುವುದಿಲ್ಲ. ಕ್ಯಾನ್ಸರ್ ಮಾತು ಬೇರೆಯೇ."

ನಾನು ಹೊಸ ನೋಟ್‌ಬುಕ್ ತೆಗೆದೆ. ಮೇಲಿನಿಂದ ಕೆಳಗೆ ಮೂರು ಸಾಲು: ಮೊದಲನೆಯದು ದಿನ, ಎರಡನೆಯದು ಕಡ್ಡಿ, ಮೂರನೆಯದು ಅಡಿಕೆ. ಅಡಿಕೆ ಮುಟ್ಟಿದರೆ ಒಂದು ಸೊನ್ನೆ ಸುತ್ತಬೇಕು. ಮುಟ್ಟದಿದ್ದರೆ ಜಾಗ ಖಾಲಿ.

ಮೊದಲ ಹತ್ತು ದಿನ ತಲೆನೋವು, ಸಿಟ್ಟು. ಲೋಕಲ್‌ನಲ್ಲಿ ಪಕ್ಕದವನು ಪುಡಿಕೆ ಹರಿದ ಸದ್ದಿಗೇ ಬಾಯಲ್ಲಿ ನೀರು ಬರುತ್ತಿತ್ತು. ಮನೆಯಲ್ಲಿ ನಾನು, ಅವ್ವ ಇಬ್ಬರೇ. ಬೆಳಿಗ್ಗೆ ಕಡ್ಡಿ ಕಚ್ಚಿ ನಿಂತರೆ ನನಗೆ ಎಣಿಸಲು ಆಗದು. ಅವ್ವ ರೊಟ್ಟಿ ತಟ್ಟುತ್ತಲೇ ನನ್ನ ಪರವಾಗಿ ಅರವತ್ತರವರೆಗೆ ಎಣಿಸುತ್ತಿದ್ದಳು. ಅವಳ ಬಾಯಲ್ಲಿ ಎಲೆ ಅಡಿಕೆ ಇರುತ್ತಿತ್ತು. ಐವತ್ತರ ಹೊತ್ತಿಗೆ ನನ್ನ ಕಣ್ಣಲ್ಲಿ ನೀರು ಬಂದರೆ ಅವಳು ಬೇಗ ಬೇಗ ಎಣಿಸಿಬಿಡುತ್ತಿದ್ದಳು. ನಾನು ಕೈ ಆಡಿಸಿ, ಮತ್ತೆ ಐವತ್ತರಿಂದ ಎಂದು ಸನ್ನೆ ಮಾಡುತ್ತಿದ್ದೆ.

"ನಿನ್ನ ಹಟಾ ಸುಡ್ಲಿ," ಎನ್ನುತ್ತಿದ್ದಳು. "ಐವತ್ತಾ, ಐವತ್ತೊಂದಾ..."

ಗೋದಾಮಿನಲ್ಲಿ ನನ್ನ ಜೊತೆ ಕೆಲಸ ಮಾಡುವವರು ಬೆಳಗಾವಿ ಕಡೆಯ ಹಿರಿಯರು. ಅಣ್ಣಾ ಎಂದು ಕರೆಯುತ್ತೇನೆ. ಊಟದ ಹೊತ್ತಿಗೆ ಕಾಗದದ ಗುಡ್ಡೆಯ ಹಿಂದೆ ನಾನು ಕಡ್ಡಿ ಕಚ್ಚಿ ಕೂತದ್ದು ನೋಡಿ ನಕ್ಕರು.

"ಏನಪಾ, ಬಾಯಾಗ ಕುಲ್ಫಿ ಅಂಗಡಿ ಇಟ್ಟೀಯೇನು? ಮಾತಾಡಲೇ! ಇವತ್ತ ಇವ ಮಾತಾಡಂಗಿಲ್ಲ, ಗೋದಾಮಿಗೆ ರಜಾ ಸಿಕ್ಕಂಗಾತು."

ಹತ್ತು ವರ್ಷದ ಅಭ್ಯಾಸಕ್ಕೆ ಅವರ ಕೈ ಜೇಬಿಗೆ ಹೋಗಿ ಪುಡಿಕೆ ತೆಗೆದು ಅರ್ಧ ನನ್ನತ್ತ ಚಾಚುತ್ತಿತ್ತು. ನಾನು ತಲೆಯಾಡಿಸುತ್ತಿದ್ದೆ. ಅವರು ಇಡೀ ಪುಡಿಕೆ ತಮ್ಮ ಬಾಯಿಗೇ ಸುರಿದುಕೊಂಡು, "ನಿನ್ನ ಪಾಲಿಂದೂ ನಾನ ತಿಂದ ಸಾಯಬೇಕಲೇ," ಎನ್ನುತ್ತಿದ್ದರು.

ಹದಿನೆಂಟನೆಯ ದಿನ, ಮಂಗಳವಾರ, ಬೆಳಿಗ್ಗೆ ಹದಿಮೂರನೆಯ ಕಡ್ಡಿ ಒಳಗೆ ಹೋಯಿತು. ಕಿವಿಯ ಕೆಳಗೆ ಏನೋ ಹರಿದಂತಾಯಿತು. ಲೋಕಲ್‌ನಲ್ಲಿ ಬಾಗಿಲ ಬಳಿ ಜೋತುಬಿದ್ದುಕೊಂಡು ಹೋಗುವಾಗ ಒಂದು ಅಂಕಿಯನ್ನು ನೆನೆಸಿಕೊಂಡು ಒಬ್ಬನೇ ನಕ್ಕಿದ್ದು ನನಗೆ ನೆನಪಿದೆ. ಹುರುಪು ಎಂಬುದು ನನಗೆ ಎಂದೂ ಎದೆಯಿಂದ ಬಂದದ್ದಲ್ಲ. ಕಾಗದದಿಂದ ಬಂದದ್ದು. ಹನ್ನೆರಡರ ಕೆಳಗೆ ಹದಿಮೂರು ಬರೆದರೆ ನಾಳೆ ಎದ್ದೇಳಬಲ್ಲೆ. ಹನ್ನೆರಡರ ಕೆಳಗೆ ಮತ್ತೆ ಹನ್ನೆರಡು ಬರೆದರೆ ಏಳಲು ಕಾರಣ ಸಿಗುವುದಿಲ್ಲ.

ಆಸ್ಪತ್ರೆ ಕೊಟ್ಟದ್ದು ಹದಿನೈದು ಕಡ್ಡಿ. ದಿನಕ್ಕೆ ಐದು ಸಲ ಎಂಜಲಿನಲ್ಲಿ ನೆನೆದು, ಹಲ್ಲಿಗೆ ಸಿಕ್ಕು, ಅವು ಸೀಳತೊಡಗಿದವು. ಕುರ್ಲಾ ಮಾರ್ಕೆಟ್ಟಿನಲ್ಲಿ ಕುಲ್ಫಿ ಮಾಡುವವರಿಗೆ ಸಾಮಾನು ಮಾರುವ ಅಂಗಡಿ ಒಂದಿದೆ. ಅಲ್ಲಿಂದ ನೂರು ಕಡ್ಡಿಯ ಕಟ್ಟು ತಂದೆ. ಸೀಳಿದ್ದನ್ನು ಬಿಸಾಡುವುದು, ಅದರ ಜಾಗಕ್ಕೆ ಹೊಸದು ಸೇರಿಸುವುದು. ಜೋರಾಗಿ ಕಚ್ಚಿದ ದಿನ ಎರಡು ಸೀಳುತ್ತಿದ್ದವು.

ನಲವತ್ತನೆಯ ದಿನ ಹದಿನಾಲ್ಕು. ಐವತ್ತೆರಡನೆಯ ದಿನ ಹದಿನೈದು. ಅರವತ್ತಾರನೆಯ ದಿನ ಹದಿನಾರು. ಎಪ್ಪತ್ತೊಂದನೆಯ ದಿನ ಹದಿನೇಳು. ಮೂರನೆಯ ಸಾಲಿನಲ್ಲಿ ಒಂದೂ ಸೊನ್ನೆ ಇರಲಿಲ್ಲ. ಒಂದು ಕಡ್ಡಿಗೆ ಎರಡು ಮಿಲಿಮೀಟರ್ ಎಂದು ಲೆಕ್ಕ ಹಾಕಿದೆ. ಮೂವತ್ತನಾಲ್ಕು. ಡಾಕ್ಟರ್ ಕೇಳಿದ್ದಕ್ಕಿಂತ ನಾಲ್ಕು ಹೆಚ್ಚು. ಆ ಪುಟವನ್ನು ಅಣ್ಣನಿಗೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. "ಮಗನ, ನಿನ್ನ ಕಡೆಯಿಂದ ಆತಂದ್ರ ನನ್ನ ಕಡೆಯಿಂದನೂ ಆದೀತು," ಎಂದರು. ಅಂದು ಸಂಜೆಯವರೆಗೆ ಅವರೂ ಪುಡಿಕೆ ಹರಿಯಲಿಲ್ಲ.

ಮರುದಿನ ಭಾನುವಾರ ಚೆಂಬೂರಿನ ಒಂದು ಹಾಲ್‌ನಲ್ಲಿ ಕಾಕಾನ ಮಗಳ ನಿಶ್ಚಿತಾರ್ಥ. ಮಾತು ಮುಗಿದು, ಎರಡು ಕಡೆಯವರೂ ಎಲೆ ಅಡಿಕೆ ಬದಲಿಸಿಕೊಂಡ ಮೇಲೆ, ಗಂಡಿನ ಕಡೆಯ ಅಜ್ಜ ತಟ್ಟೆ ಹಿಡಿದು ಒಬ್ಬೊಬ್ಬರ ಮುಂದೆಯೂ ಬಂದರು. ನಮ್ಮಲ್ಲಿ ಆ ತಟ್ಟೆಯಿಂದ ತೆಗೆದುಕೊಂಡರೆ ಮಾತಿಗೆ ಒಪ್ಪಿದಂತೆ, ದೂಡಿದರೆ ಬೀಗತನವನ್ನೇ ದೂಡಿದಂತೆ.

"ಒಲ್ಲೆರಿ ಅಜ್ಜಾರ, ಬಿಟ್ಟೇನಿ," ಎಂದೆ.

ಅಜ್ಜ ತಟ್ಟೆ ಹಿಂದಕ್ಕೆ ತೆಗೆಯಲಿಲ್ಲ. "ಬಿಟ್ಟಿದ್ದು ನಿನ್ನ ಮನ್ಯಾಗೋ ತಮ್ಮಾ. ಇದು ನಮ್ಮ ತಾಟು."

ಸುತ್ತ ಇದ್ದವರು ನಕ್ಕರು. ಅವ್ವ ಹಿಂದಿನಿಂದ ನನ್ನ ಅಂಗಿ ಜಗ್ಗಿ ಪಿಸುಗುಟ್ಟಿದಳು: "ತಗೋಳೋ, ಮಂದಿ ನೋಡಾಕತ್ತಾರ. ಒಂದ್ ಹೋಳ್ ಅಡಕಿ ತಿಂದ್ರ ಏನಾಗ್ತದ."

ತಟ್ಟೆಯಿಂದ ಎತ್ತಿಕೊಂಡು ಜೇಬಿಗೆ ಹಾಕಿಕೊಳ್ಳಬಹುದಿತ್ತು. ಎಷ್ಟೋ ಹೆಂಗಸರು ಸೆರಗಿಗೆ ಕಟ್ಟಿಕೊಂಡರು. ನಾನು ಬಾಯಿಗೆ ಹಾಕಿಕೊಂಡೆ. ಅಜ್ಜನ ಸಲುವಾಗಿ ಅಲ್ಲ, ಅವ್ವನ ಸಲುವಾಗಿಯೂ ಅಲ್ಲ. ಹದಿನೇಳು ಕಡ್ಡಿ ಹಿಡಿಯುವ ಬಾಯಿಗೆ ಒಂದು ಹೋಳು ಸಲ್ಲುತ್ತದೆ ಎಂದು ನನ್ನೊಳಗೆ ಒಂದು ಲೆಕ್ಕವಾಗಿತ್ತು. ಮನೆಗೆ ಬಂದು ಎಪ್ಪತ್ತೆರಡನೆಯ ದಿನದ ಎದುರು ಮೊದಲ ಸೊನ್ನೆ ಸುತ್ತಿದೆ.

ಎಪ್ಪತ್ತೈದಕ್ಕೆ ಇನ್ನೊಂದು. ಎಪ್ಪತ್ತಾರಕ್ಕೆ ಮತ್ತೊಂದು. ಆಮೇಲೆ ಕಾಗದದ ಗುಡ್ಡೆಯ ಹಿಂದೆ ಅಣ್ಣನ ಕೈ ಚಾಚಿದಾಗ ನಾನು ತಲೆಯಾಡಿಸಲಿಲ್ಲ. ಅವರು ನನ್ನ ಅಂಗೈಗೆ ಅರ್ಧ ಸುರಿದರು. ತೊಂಬತ್ತರ ಹೊತ್ತಿಗೆ ಹನ್ನೊಂದು ಸೊನ್ನೆಗಳಾಗಿದ್ದವು. ಕಡ್ಡಿಯ ಸಾಲಿನಲ್ಲಿ ಹದಿನೇಳು, ಹದಿನೇಳು, ಹದಿನೇಳು. ಅಂಕಿ ಇಳಿಯಲಿಲ್ಲವಲ್ಲ ಎಂಬುದೇ ಧೈರ್ಯ.

ತೊಂಬತ್ತೊಂದನೆಯ ದಿನ ಮಳೆ ಹಿಡಿದಿತ್ತು. ಆಸ್ಪತ್ರೆಯ ಬೆಂಚಿನ ಮೇಲೆ ಒದ್ದೆ ಪ್ಯಾಂಟಿನಲ್ಲಿ ಎರಡು ಗಂಟೆ ಕೂತೆ. ಡಾಕ್ಟರ್ ಅದೇ ಉಕ್ಕಿನ ಸ್ಕೇಲ್ ಇಟ್ಟರು. ತೆಗೆದು ಮತ್ತೆ ಇಟ್ಟರು.

"ಇಪ್ಪತ್ತೈದು."

"ಇಲ್ಲರಿ ಡಾಕ್ಟರ್, ಹದಿನೇಳು ಕಡ್ಡಿ ಹಿಡೀತಾವ್ರಿ." ಚೀಲದಿಂದ ಕಟ್ಟು ತೆಗೆದು ಅವರೆದುರೇ ಹಲ್ಲಿಗಿಟ್ಟು ತೋರಿಸಿದೆ.

ಅವರು ನನ್ನ ಬಾಯಿಂದ ಕಟ್ಟನ್ನು ತೆಗೆದು, ತಮ್ಮ ಡ್ರಾಯರಿನ ಒಂದು ಕಡ್ಡಿಯನ್ನು ನನ್ನ ಒಂದು ಕಡ್ಡಿಯ ಪಕ್ಕ ನಿಲ್ಲಿಸಿದರು. "ಇದು ಎಲ್ಲಿಂದ ತಂದದ್ದು ನೀವು?"

ಹೇಳಿದೆ.

"ತೆಳು ಉಂಟಲ್ಲ," ಎಂದರು ಮೆಲ್ಲಗೆ. "ನೋಡಿ."

ನಾನು ಕಾಗದದ ಗೋದಾಮಿನವನು. ನೂರು ಹಾಳೆಯ ಒಂದು ಕಟ್ಟು ನೂರು ಹಾಳೆಯ ಇನ್ನೊಂದು ಕಟ್ಟಿಗೆ ಸಮ ಅಲ್ಲ ಎಂದು ಹೊಸಬರಿಗೆ ಹೇಳಿಕೊಡುವವನು. ಕಣ್ಣು ಮುಚ್ಚಿ ಬೆರಳಲ್ಲಿ ಹಿಡಿದರೆ ಯಾವ ಹಾಳೆ ದಪ್ಪ, ಯಾವುದು ತೆಳು ಎಂದು ಹೇಳಬಲ್ಲೆ. ತೊಂಬತ್ತು ದಿನ ಕಡ್ಡಿಗಳನ್ನು ಎಣಿಸಿದ್ದೆ. ಒಂದು ದಿನವೂ ಬೆರಳಲ್ಲಿ ಹಿಡಿದು ನೋಡಿರಲಿಲ್ಲ.

ಡಾಕ್ಟರ್ ಆಪರೇಷನ್ನಿನ ಬಗ್ಗೆ ಹೇಳಿದರು. ಕೆನ್ನೆಯ ಒಳಗಿನ ಆ ಹಗ್ಗವನ್ನು ಕೊಯ್ದು ಬಿಡಿಸುವುದು. "ಆದರೆ ಕೊಯ್ಯುವುದು ಅರ್ಧ ಕೆಲಸ. ಆಮೇಲೆ ಆರು ತಿಂಗಳು ಇದೇ ಕಡ್ಡಿ, ಹಸಿ ಗಾಯದ ಮೇಲೆ. ಮಾಡದಿದ್ದರೆ ಮತ್ತೆ ಮುಚ್ಚಿಕೊಳ್ತದೆ, ಈಗಿನದ್ದಕ್ಕಿಂತ ಕಡಿಮೆ ಆಗ್ತದೆ. ಅಡಿಕೆ ಬಿಟ್ಟಿದ್ದೀರಾ?"

ಬಿಟ್ಟಿದ್ದೇನೆ ಎನ್ನುವುದು ಸುಲಭವಿತ್ತು. ನೋಟ್‌ಬುಕ್ ತೊಡೆಯ ಮೇಲಿತ್ತು. ತೆರೆದು ಅವರ ಮುಂದೆ ಇಟ್ಟೆ. ಅವರು ಬೆರಳಿಟ್ಟು ಸೊನ್ನೆಗಳನ್ನು ಎಣಿಸಿದರು.

"ಹನ್ನೊಂದು. ಎಲ್ಲ ಕೊನೆಗೇ."

"ಹೌದ್ರಿ."

"ಒಂದು ತಿಂಗಳು ಟೈಮ್ ಕೊಡ್ತೇನೆ. ಒಂದು ಸೊನ್ನೆ ಇದ್ದರೂ ನಾನು ಕೊಯ್ಯುವುದಿಲ್ಲ. ನಿಮಗೂ ದಂಡ, ನನಗೂ ದಂಡ. ಪುಸ್ತಕ ತರಬೇಕು, ಆಯ್ತಾ?" ಅವರು ನನ್ನ ಕಟ್ಟನ್ನು ಕಸದ ಡಬ್ಬಿಗೆ ಹಾಕಿ ಹೊಸ ಹದಿನೈದು ಕೊಟ್ಟರು.

ಮರುದಿನ ಗೋದಾಮಿನಲ್ಲಿ ಕಾಗದದ ದಪ್ಪ ಅಳೆಯುವ ಮೈಕ್ರೋಮೀಟರ್ ತೆಗೆದೆ. ಆಸ್ಪತ್ರೆಯ ಕಡ್ಡಿ ಎರಡು ಮಿಲಿಮೀಟರ್. ಮಾರ್ಕೆಟ್ಟಿನದು ಒಂದೂವರೆ. ಯಾವ ದಿನ ಎಷ್ಟು ಕಡ್ಡಿ ಸೀಳಿ ಬದಲಿಸಿದೆ ಎಂಬುದನ್ನೂ ಡೈರಿಯಲ್ಲಿ ಬರೆದಿಟ್ಟಿದ್ದೆ. ಕೂತು ಲೆಕ್ಕ ಮಾಡಿದೆ. ನಲವತ್ತನೆಯ ದಿನದ ಹದಿನಾಲ್ಕು ಎಂದರೆ ಇಪ್ಪತ್ತಾರು ಮಿಲಿಮೀಟರ್. ಐವತ್ತೆರಡನೆಯ ದಿನದ ಹದಿನೈದು, ಇಪ್ಪತ್ತಾರು. ಅರವತ್ತಾರನೆಯ ದಿನದ ಹದಿನಾರು, ಇಪ್ಪತ್ತಾರು. ಎಪ್ಪತ್ತೊಂದನೆಯ ದಿನ ಅಣ್ಣನಿಗೆ ತೋರಿಸಿದ ಹದಿನೇಳು, ಅದೂ ಇಪ್ಪತ್ತಾರೇ. ಬಾಯಿ ನಿಜವಾಗಿ ತೆರೆದದ್ದು ಹದಿನೆಂಟನೆಯ ದಿನ, ಒಂದೇ ಸಲ. ಉಳಿದದ್ದೆಲ್ಲ ನಾನು ಜೋರಾಗಿ ಕಚ್ಚಿ ಕಡ್ಡಿ ಸೀಳಿ, ಅದರ ಜಾಗಕ್ಕೆ ತೆಳುವಾದದ್ದನ್ನು ಸೇರಿಸಿದ್ದರ ಫಲ. ಹೆಚ್ಚು ಕಚ್ಚಿದಷ್ಟೂ ಹೆಚ್ಚು ಅಂಕಿ.

ಅಣ್ಣ ನನ್ನ ಹೆಗಲ ಮೇಲಿಂದ ನೋಡುತ್ತಿದ್ದರು.

"ಅಂದ್ರ, ಹದಿನೇಳು ಇರಲೇ ಇಲ್ಲೇನು?"

"ಇರಲಿಲ್ಲಣ್ಣಾ."

"ಮತ್ತ ನಾ ಒಂದಿನ ಉಪಾಸ ಬಿದ್ದದ್ದು?"

ನನಗೆ ನಗು ಬಂತು. ಅವರಿಗೂ ಬಂತು. ನಗುವಾಗ ನನ್ನ ಕೆನ್ನೆ ಹಿಡಿದುಕೊಂಡಿತು. ಅವರ ಕೈ ಅಭ್ಯಾಸದಂತೆ ಜೇಬಿಗೆ ಹೋಯಿತು, ಪುಡಿಕೆ ಹೊರಬಂತು, ಅರ್ಧ ದಾರಿಯಲ್ಲಿ ನಿಂತಿತು. ನಾನು ಅದನ್ನೇ ನೋಡುತ್ತಿದ್ದೆ. ಬೇಕು ಎನಿಸಿತು, ಹಿಂದೆಂದಿಗಿಂತ ಹೆಚ್ಚು. ಎಪ್ಪತ್ತೊಂದು ದಿನ ಒಂದೂ ಸೊನ್ನೆಯಿಲ್ಲದೆ ಕಳೆದದ್ದು ಒಂದು ಸುಳ್ಳು ಅಂಕಿಯ ಬಲದಿಂದ. ಈಗ ಅಂಕಿ ನಿಜವಿತ್ತು, ಬಲ ಇರಲಿಲ್ಲ.

"ನೀವ ತಿನ್ರಿ," ಎಂದು ಎದ್ದು ಹೊರಗೆ ಹೋಗಿ ಮಳೆಯಲ್ಲಿ ನಿಂತೆ.

ಇಂದು ಬೆಳಿಗ್ಗೆ ಹೊಸ ಪುಟ. ದಿನ ಒಂದು. ಅವ್ವ ಎಲೆ ಅಡಿಕೆಯ ತಟ್ಟೆಯನ್ನು ಅಟ್ಟದ ಮೇಲೆ, ಹಿಟ್ಟಿನ ಡಬ್ಬಿಗಳ ಹಿಂದೆ ಸರಿಸಿದ್ದಾಳೆ. ಬಂದವರಿಗೆ ಬೇಕಲ್ಲ ಎಂದು ಬಿಸಾಡಿಲ್ಲ. ಅದು ಎಲ್ಲಿದೆ ಎಂದು ನನಗೆ ಗೊತ್ತು. ನನಗೆ ಗೊತ್ತೆಂದು ಅವಳಿಗೂ ಗೊತ್ತು. ತಿನ್ನುವುದನ್ನು ಅವಳು ಬಿಟ್ಟಿಲ್ಲ. ಆದರೆ ಎಣಿಸುವ ಮೊದಲು ಮೋರಿಗೆ ಹೋಗಿ ಉಗುಳಿ, ಬಾಯಿ ಮುಕ್ಕಳಿಸಿ ಬಂದಳು.

ಹೊಸ ಕಡ್ಡಿಗಳನ್ನು ಒಂದೊಂದಾಗಿ ಬೆರಳಲ್ಲಿ ಹಿಡಿದು ನೋಡಿ ಜೋಡಿಸಿದೆ. ಹನ್ನೆರಡು ಹಿಡಿದವು. ಹದಿಮೂರನೆಯದನ್ನು ನಡುವೆ ಇಟ್ಟು ತಳ್ಳಿದೆ. ತುದಿ ಹೋಯಿತು, ಆಮೇಲೆ ನಿಂತಿತು. ಮತ್ತೆ ತಳ್ಳಿದೆ. ಕಿವಿಯ ಕೆಳಗೆ ಏನೂ ಹರಿಯಲಿಲ್ಲ. ಹದಿನೆಂಟನೆಯ ದಿನ ಗಳಿಸಿದ್ದರಲ್ಲೂ ಸ್ವಲ್ಪ ಹೋಗಿತ್ತು.

ಅದನ್ನು ತೆಗೆದು ಪಕ್ಕಕ್ಕಿಟ್ಟೆ.

"ಒಂದಾ, ಎರಡಾ," ಎಂದು ಅವ್ವ ಶುರು ಮಾಡಿದಳು. ಐವತ್ತಕ್ಕೆ ಬಂದಾಗಲೂ ಬೇಗ ಎಣಿಸಲಿಲ್ಲ.

ಹನ್ನೆರಡು ಎಂದು ಬರೆದೆ. ಮೂರನೆಯ ಸಾಲು ಖಾಲಿ ಇದೆ. ಈಗ ಬೆಳಗಿನ ಏಳೂವರೆ.