ಮೂರು ವರ್ಷದ ಕರ, ಸಂಜೆಯ ಒಂದು ತಾಸು

ನಾನು ಗ್ರಾಮ ಪಂಚಾಯ್ತಿ ಸದಸ್ಯಳಾದ ಎರಡನೇ ವರ್ಷದ ಮಾತು. ತಂಗಡಗಿಯ ಆಚೆ, ಕೃಷ್ಣೆಯ ದಂಡೆಯಲ್ಲಿ ನಮ್ಮೂರು. ಮಹಿಳಾ ಮೀಸಲಾತಿ ಬಂದಿದ್ದರಿಂದ ಊರವರು ನನ್ನನ್ನು ನಿಲ್ಲಿಸಿದ್ದರು. ಅದು ಬಿಟ್ಟರೆ ಒಲೆ, ದೇವರ ಜಗುಲಿ, ಒಂದು ಎಮ್ಮೆ, ಇಷ್ಟೇ ನನ್ನ ಕೆಲಸ. ಅಂದು ಶನಿವಾರ ಸಂಜೆ ರೊಟ್ಟಿ ಬಡಿಯುತ್ತಿದ್ದೆ. ಕುರಿ ಸಾಕುವ ಮಾಳವ್ವ ಕಂಬಳಿಯೊಳಗೆ ಎಳೇ ಮರಿಯೊಂದನ್ನು ಮುಚ್ಚಿಕೊಂಡು ಬಾಗಿಲಿಗೆ ಬಂದಳು.

"ಅಕ್ಕಾರ, ಇದಕ್ಕ ಇದರವ್ವ ಸಿಗಲಿಲ್ರಿ. ನಿನ್ನೇನೂ ಕುಡದಿಲ್ಲ. ಒಂದೀಟು ಹಾಲು ಕೊಡ್ರಿ."

ಮರಿ ಹಾಕುವ ದಿನಗಳಲ್ಲಿ ಎಳೆಯ ಮರಿಗಳನ್ನು ಹಗಲೆಲ್ಲ ಮುಳ್ಳುಬೇಲಿಯ ದಡ್ಡಿಯಲ್ಲಿ ಕೂಡಿಹಾಕಿ, ದೊಡ್ಡ ಕುರಿಗಳನ್ನು ಮಾತ್ರ ಮೇಯಿಸಲು ಒಯ್ಯುತ್ತಾರೆ. ಹೊತ್ತು ಮುಳುಗುವಾಗ ಹಿಂಡು ಮರಳುತ್ತದೆ. ಮರಿ ಒದರುತ್ತದೆ, ತಾಯಿ ಓಗೊಡುತ್ತದೆ. ಅಷ್ಟೊಂದು ದನಿಗಳ ನಡುವೆ ತನ್ನದನ್ನೇ ಹಿಡಿದು ಬಂದು, ಮೂಸಿ ನೋಡಿ ಹಾಲು ಕೊಡುತ್ತದೆ. ಈಗ ಸರಿಯಾಗಿ ಆ ಹೊತ್ತಿಗೇ ದಡ್ಡಿಯ ನೆತ್ತಿಯ ಮೇಲೆ ಹೆಲಿಕಾಪ್ಟರ್ ಹಾರುತ್ತಿತ್ತು.

ದೀಪಾವಳಿ ಆದ ಮೇಲೆ ಪ್ರವಾಸಿ ಹೆಲಿಕಾಪ್ಟರ್ ಕಂಪನಿಯೊಂದು ದಡ್ಡಿಯ ಪಕ್ಕದ ಹೊಲ ಹಿಡಿದು ಹೆಲಿಪ್ಯಾಡ್ ಕಟ್ಟಿತ್ತು. ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯಿಂದ ಜನ ಬಂದು, ಹೊಳೆಯ ಮೇಲೊಂದು ಸುತ್ತು ಹಾಕಿ ಇಳಿಯುತ್ತಿದ್ದರು. ನಮ್ಮ ಮನೆಯವರೂ ಒಮ್ಮೆ ಪುಕ್ಕಟೆ ಕೂತು ಬಂದು, ನಮ್ಮ ಮಾಳಿಗೆಯ ಮೇಲೆ ಒಣಹಾಕಿದ ಸಂಡಿಗೆ ಆಕಾಶದಿಂದ ಕಂಡಿತೆಂದು ಊರೆಲ್ಲ ಹೇಳಿಕೊಂಡು ತಿರುಗಿದ್ದರು. ಆ ಜಾಗಕ್ಕೆ ಪಂಚಾಯ್ತಿಗೆ ಕಟ್ಟಬೇಕಾದ ಕರವನ್ನು ಮೂರು ವರ್ಷ ಮಾಫಿ ಮಾಡಿ, ಪ್ರವಾಸಿಗಳಿಂದ ಊರು ಬೆಳೆಯುತ್ತದೆ ಎಂದು ಕಂಪನಿ ಅರ್ಜಿ ಹಾಕಿತ್ತು. ಮರುದಿನದ ಗ್ರಾಮಸಭೆಗೆ ಅದೇ ಠರಾವು ಬರುವುದಿತ್ತು.

ದೇವರ ದೀಪಕ್ಕೆಂದು ಹೊಸೆದಿಟ್ಟ ಅರಳೆ ಬತ್ತಿಯನ್ನು ಹಾಲಿನಲ್ಲಿ ಅದ್ದಿ ಮರಿಯ ಬಾಯಿಗಿಟ್ಟೆ. ಚೀಪಿತು. ಅಷ್ಟಾದರೂ ಆಯಿತಲ್ಲ ಎಂದು ಹನುಮಪ್ಪನಿಗೆ ಕೈಮುಗಿದೆ. ಮಾಳವ್ವನಿಗೆ ಮಾತ್ರ ಸಮಾಧಾನವಿರಲಿಲ್ಲ. "ನಾಳೆನೂ ಕೂಡಲಿಲ್ಲಂದ್ರ ತಾಯಿ ಒದ್ದು ದೂಡತೈತ್ರಿ," ಎಂದಳು.

ಸಭೆ ಗುಡಿಯ ಮುಂದೆ. ಎಲ್ಲರೂ ಹೊಲದಿಂದ ಬಂದು ಕೂರುವಷ್ಟರಲ್ಲಿ ಬಿಸಿಲು ಇಳಿದಿತ್ತು. ನಮ್ಮಲ್ಲೊಂದು ರೂಢಿ ಇದೆ: ಪಿಡಿಒ, ಅಂದರೆ ಪಂಚಾಯ್ತಿಯ ಅಧಿಕಾರಿ, ಠರಾವನ್ನು ಗಟ್ಟಿಯಾಗಿ ಓದಬೇಕು. ಹಿಂದಿನ ಸಾಲಿನವರು "ಕೇಳಿತ್ರಿ" ಅಂದ ಮೇಲೆಯೇ ಜನ ಕೈ ಎತ್ತುವುದು. ಪಿಡಿಒ ಓದಲು ಎದ್ದರು, ಹೆಲಿಕಾಪ್ಟರೂ ಎದ್ದಿತು. ಅದು ಇಳಿದ ಮೇಲೆ ಮತ್ತೆ ಶುರು ಮಾಡಿದರು. ಅದೂ ಮತ್ತೆ ಶುರು ಮಾಡಿತು. ಮೈಕು ಹಿಡಿದರೂ ಅಷ್ಟೇ. ಹಿಂದಿನಿಂದ ಸಿದ್ದಪ್ಪ ಕಾಕಾ, "ಸಾಹೇಬ್ರ ಬಾಯಿ ಅಷ್ಟ ಆಡಾಕತ್ತೈತಿ, ಮಾತು ಹೊಳಿ ದಾಟಿ ಹೋತು," ಎಂದರು. ಜನ ನಕ್ಕರು. ಕಂಪನಿಯ ಮ್ಯಾನೇಜರ್ ಸಂಕೋಚಪಟ್ಟು, ಓದಿ ಮುಗಿಯುವ ತನಕ ಹಾರಿಸಬೇಡ ಎಂದು ಪೈಲಟ್‌ಗೆ ಫೋನ್ ಮಾಡಿದರು.

ಸದ್ದು ನಿಂತಿತು. ಮಾಳವ್ವ ಹೆಂಗಸರ ಸಾಲಿನಲ್ಲಿ ಮರಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅವಳ ಗಂಡ ಹಿಂಡು ಹೊಡೆದುಕೊಂಡು ಬರುವ ಹೊತ್ತು. ದೂರದಲ್ಲಿ ಕುರಿಗಳು ಒದರಿದವು. ತೊಡೆಯ ಮೇಲಿನ ಮರಿ ಕಿವಿ ನಿಮಿರಿಸಿ ತಾನೂ ಒದರಿತು.

ಮಾಳವ್ವ ಎದ್ದು ಮ್ಯಾನೇಜರ್ ಕಡೆ ತಿರುಗಿದಳು. "ಸಾಹೇಬ್ರ, ನಿಮ್ಮ ಕಾಗದ ನಮಗ ಕೇಳ್ಲಿ ಅಂತ ನಿಲ್ಲಿಸಿದ್ರಿ. ದಿನಾ ಇಷ್ಟೊತ್ತಿಗೆ ಇದಕ್ಕೂ ಒಂದೀಟು ನಿಲ್ಲಿಸ್ರಿ. ಇದರವ್ವಗ ಕೇಳ್ಲಿ." ಉತ್ತರಕ್ಕೂ ಕಾಯದೆ ಮರಿ ಎತ್ತಿಕೊಂಡು ದಡ್ಡಿಯ ಕಡೆ ನಡೆದಳು.

ಸೂರ್ಯ ಮುಳುಗುವುದನ್ನು ನೋಡಲೆಂದೇ ಹೆಚ್ಚು ಜನ ಬರುತ್ತಾರೆ, ಆ ಹೊತ್ತು ಬಿಟ್ಟರೆ ನಮಗೆ ಕಷ್ಟ ಎಂದು ಮ್ಯಾನೇಜರ್ ವಿನಯದಿಂದಲೇ ಹೇಳಿದರು. ಅವರ ಮಾತೂ ಸುಳ್ಳಲ್ಲ. ಸಭೆಯಲ್ಲಿ ನಾನು ಅಲ್ಲಿಯವರೆಗೆ ಬಾಯಿ ಬಿಟ್ಟವಳಲ್ಲ. ಸೆರಗು ಸರಿಮಾಡಿಕೊಂಡು ಎದ್ದು ನಿಂತೆ.

"ಕರ ಬಿಡ್ರಿ ಅಂತ ನೀವು ಕೇಳಾಕತ್ತೀರಿ. ಬಿಡ್ತೇವ್ರಿ. ಮರಿ ಹಾಕೋ ದಿನದಾಗ ಸಂಜೀದು ಒಂದು ತಾಸು ನೀವು ಬಿಡ್ರಿ."

ಮ್ಯಾನೇಜರ್ ಬದಿಗೆ ಹೋಗಿ ಮಾಲೀಕರೊಡನೆ ಬಹಳ ಹೊತ್ತು ಮಾತಾಡಿ ಬಂದು ಒಪ್ಪಿದರು. ಪಿಡಿಒ ಆ ಷರತ್ತು ಸೇರಿಸಿ ಬರೆದರು. ಮುರಿದರೆ ಪೂರ್ತಿ ಕರ ಕಟ್ಟಬೇಕು. ಮತ್ತೆ ಮೊದಲಿನಿಂದ ಓದಿದರು. ಸಿದ್ದಪ್ಪ ಕಾಕಾ "ಕೇಳಿತ್ರಿ" ಅಂದರು. ಕೈಗಳು ಎದ್ದವು.

ಸಭೆ ಮುಗಿದದ್ದೇ ದಡ್ಡಿಗೆ ಹೋದೆ. ಮರಿ ಮೊಣಕಾಲೂರಿ, ಬಾಲ ಆಡಿಸುತ್ತ ತಾಯಿಯ ಕೆಚ್ಚಲು ಗುದ್ದುತ್ತಿತ್ತು. ಮಾಳವ್ವ ನನ್ನನ್ನು ನೋಡಿ ನಕ್ಕಳು.

ಮಧ್ಯಾಹ್ನ ಹೆಲಿಕಾಪ್ಟರ್ ಈಗಲೂ ಹಾರುತ್ತದೆ, ನಮ್ಮ ಎಮ್ಮೆ ಈಗಲೂ ಬೆಚ್ಚುತ್ತದೆ. ಆ ಒಂದು ತಾಸು ಸಿಕ್ಕಿದ್ದೇ ದೇವರು ಕೊಟ್ಟದ್ದು ಎಂದುಕೊಂಡಿದ್ದೇನೆ. ಸದಸ್ಯಳಾಗಿ ನಾನು ಕಲಿತದ್ದು ಹೆಚ್ಚಿಲ್ಲ: ಕೈ ಎತ್ತುವ ಮೊದಲು, ಯಾರ ದನಿ ಕೇಳಿಸುತ್ತಿಲ್ಲ ಎಂದು ಒಮ್ಮೆ ನೋಡಬೇಕು.

ಅಂದು ಮನೆಗೆ ಬಂದಾಗ, ಮರಿಗೆಂದು ತೆಗೆದಿಟ್ಟ ಹಾಲು ಹಾಗೇ ಇತ್ತು. ಉಗುರುಬೆಚ್ಚಗೆ ಕಾಯಿಸಿ, ಹೆಪ್ಪು ಹಾಕಿದೆ.