ಮಾಮಾ ಕೂರಿಸಿದ ಡಬ್ಬಿ

ಮೊನ್ನೆ ಗದಗ ಪೇಟೆಯಲ್ಲಿ ರೇಡಿಯೊ ರಿಪೇರಿ ಅಂಗಡಿಯ ಮುಂದೆ ಹಾದುಹೋಗುವಾಗ ಬಿಸಿ ಬೆಸುಗೆಯ ಹೊಗೆ ಮೂಗಿಗೆ ಬಡಿಯಿತು. ಬೆಟಗೇರಿಯ ನಮ್ಮ ವೈರಿಂಗ್ ಮಾಮಾ ನೆನಪಾದರು... ಅವರ ಅಂಗಿಗೆ ಸದಾ ಅದೇ ವಾಸನೆ.

ಮಾಮಾ ನಮ್ಮ ಓಣಿಯ ತುದಿಯಲ್ಲಿ, ತಗಡಿನ ನೆರಳಲ್ಲಿ ಗಾಡಿಗಳ ವೈರಿಂಗ್ ಕೆಲಸ ಮಾಡುತ್ತಿದ್ದರು. ಜನ ಕೀಲಿಯನ್ನು ಅವರ ಗೋಡೆಯ ಮೊಳೆಗೆ ತೂಗುಹಾಕಿ, ಹೇಳದೆ ಕೇಳದೆ ಹೊರಟುಬಿಡುವುದು ರೂಢಿ. ಲಕ್ಷ್ಮೇಶ್ವರದ ಕಾಳಿನ ವ್ಯಾಪಾರಿಗಳೂ ಅಷ್ಟೇ, ಗಾಡಿ ಬಿಟ್ಟು ಬಸ್ಸು ಹತ್ತುತ್ತಿದ್ದರು. ಆ ನಂಬಿಕೆಯ ಬಗ್ಗೆ ಮಾಮಾಗೆ ಸ್ವಲ್ಪ ಜಂಬವೂ ಇತ್ತು. ಇರಲಿ ಬಿಡಿ, ಅದು ಅವರು ಗಳಿಸಿದ್ದು.

ಒಂದು ಮಳೆಗಾಲ ಶಿರಹಟ್ಟಿ ದಾರಿಯ ಹಳ್ಳದಲ್ಲಿ ನೀರು ನುಗ್ಗಿ ನನ್ನ ಹೊಸ ಕಾರು ಕೆಟ್ಟು ನಿಂತಿತು. ಎಂಜಿನ್ನನ್ನು ನಡೆಸುವ ಕಂಪ್ಯೂಟರ್ ಡಬ್ಬಿಯೇ ಹಾಳಾಗಿತ್ತು. ಮಾಮಾ ಎಂದಿನಂತೆ ಗುಜರಿಗೆ ಹೋಗಿ, ಅಪಘಾತದಲ್ಲಿ ಜಜ್ಜಿಹೋಗಿದ್ದ ಅಂಥದೇ ಕಾರಿನಿಂದ ಡಬ್ಬಿ ಬಿಚ್ಚಿ ತಂದು ಕೂರಿಸಿದರು. ಕಂಪನಿ ಅದೇ, ಅಳತೆ ಅದೇ, ಪ್ಲಗ್ಗೂ ಸರಿಯಾಗಿ ಕೂತಿತು. ಕೀಲಿ ತಿರುವಿದರೆ ಕಾರು ಜಪ್ಪಯ್ಯ ಅನ್ನಲಿಲ್ಲ. ಊಟ ಬಿಟ್ಟು ಸಂಜೆಯವರೆಗೆ ಒಂದೊಂದೇ ತಂತಿ ಮುಟ್ಟಿ ನೋಡಿದರು. "ನನ್ನ ಜೋಡಣ್ಯಾಗ ದೋಷ ಇಲ್ಲ ನೋಡವಾ..." ಎನ್ನುತ್ತಲೇ ಇದ್ದರು.

ಮರುದಿನ ನಾನು ಕರೆಸಿದ ಷೋರೂಮಿನ ಎಂಜಿನಿಯರ್ ಲ್ಯಾಪ್‌ಟಾಪ್ ಹಿಡಿದು ಬಂದರು.

"ಡಬ್ಬಿ ಚಲೋ ಐತ್ರಿ. ಆದ್ರ ಅದರೊಳಗ ಬ್ಯಾರೆ ಕಾರಿನ ಗುರುತು ಐತಿ. ನಿಮ್ಮ ಕೀಲಿ ಅದಕ್ಕ ಗೊತ್ತಿಲ್ಲ. ಯಾರೋ ಕಳವು ಮಾಡಾಕ ಹತ್ಯಾರ ಅಂತ ತಿಳಕೊಂಡು ಚಾಲೂ ಆಗವಲ್ದು."

ಕೈ ಒರೆಸಿಕೊಳ್ಳುತ್ತಿದ್ದ ಮಾಮಾ ಅವರ ಕಡೆ ತಿರುಗಿದರು.

"ಅಂದ್ರ, ಈ ಗಾಡಿ ನನ್ನ ಕಳ್ಳ ಅಂತೈತೇನ್ರಿ?"

ಎಂಜಿನಿಯರ್ ನಕ್ಕರು. ಮಾಮಾ ನಗಲಿಲ್ಲ. ಲ್ಯಾಪ್‌ಟಾಪಿನಲ್ಲಿ ಡಬ್ಬಿಗೂ ಕೀಲಿಗೂ ಗುರುತು ಹೊಂದಿಸಿದ ಮೇಲೆ ಕಾರು ಚಾಲೂ ಆಯಿತು. ನನಗೆ ಖುಷಿಯಾಗಬೇಕಿತ್ತು, ಆದರೆ ಮಾಮಾ ಅವರ ಕಡೆ ನೋಡದೆ ಕೀಲಿ ತೆಗೆದುಕೊಂಡೆ.

ಆಮೇಲೆ ಮಾಮಾ ಹಳೆಯ ಜೀಪು, ಟ್ರ್ಯಾಕ್ಟರು ಬಿಟ್ಟು ಬೇರೇನೂ ಮುಟ್ಟಲಿಲ್ಲ. ನಾನು ಜಗಳವಾಡಿದರೂ ಅಷ್ಟೇ. "ಷೋರೂಮಿಗೆ ಒಯ್ಯವಾ. ಗುರುತಿಲ್ಲದವರ ಮನಿ ಒಳಗ ನಾ ಯಾಕ ಹೋಗ್ಲಿ" ಅಂದರು. ಎಂದೂ ಅಷ್ಟು ಮೆಲ್ಲಗೆ ಮಾತಾಡಿದವರಲ್ಲ...

ಮಾಮಾ ತೀರಿಕೊಂಡು ವರ್ಷಗಳಾದವು. ತಗಡಿನ ಜಾಗದಲ್ಲಿ ಮೊಬೈಲ್ ಅಂಗಡಿ ಬಂದಿದೆ. ಈಚೆಗೆ ನಾನು ಕೀಲಿ ಕಳೆದುಕೊಂಡು ಹೊಸದು ಮಾಡಿಸಲು ಷೋರೂಮಿಗೆ ಹೋದಾಗ, ನನ್ನ ಕಾರು ನನ್ನದೇ ಎಂದು ಒಬ್ಬರಾದ ಮೇಲೊಬ್ಬರಿಗೆ ರುಜುವಾತು ತೋರಿಸಬೇಕಾಯಿತು. ನಿಯಮ ಎಂದರು, ಖರೆ. ಆದರೂ ಮುಖ ಬಿಸಿಯಾಯಿತು. ಆ ದಿನ ಮಾಮಾ ಎಷ್ಟು ನೊಂದಿರಬೇಕು ಎಂಬುದು ಆಗ ತಿಳಿಯಿತು. ಹೋಗಿ ಹೇಳೋಣವೆಂದರೆ, ಅವರಿಲ್ಲ.